ಅಂತರಗಂಗೆ ಗುಹೆಗಳನ್ನು ಸಮುದ್ರ ಕೊರೆದಿರಬಹುದಾ?

ಕೋಲಾರದ ಕನ್ನಡ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮೂರ ಪಕ್ಕದ ಅಂತರಗಂಗೆ ಬೆಟ್ಟದ ಗುಹೆಗಳ ಬಗ್ಗೆ ಮಕ್ಕಳು ಕೇಳಿದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಕಲ್ಲಿನ ವಿಷಯ ಬಲ್ಲವರು ಯಾರಾದರೂ ಬಿಡಿಸಿ ಹೇಳಿ.

ಬೇಸಿಗೆ ರಜೆಯಲ್ಲಿ ಮಗಳ ಮನೆಗೆ, ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿದ್ದೆ. ಅವಳು ನನ್ನನ್ನು ಸ್ಟಾಫಾ ಎಂಬ ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದಳು. ಅಲ್ಲಿ ಜನ ವಾಸ ಇಲ್ಲ. ಇರುವುದು ಹುಲ್ಲು, ಹಕ್ಕಿ, ಮತ್ತೆ ಫಿಂಗಲ್ಸ್ ಕೇವ್ ಎಂಬ ಸಮುದ್ರ ಗುಹೆ. ಗುಹೆಯ ಎರಡೂ ಕಡೆ ಕಪ್ಪು ಕಲ್ಲಿನ ಕಂಬಗಳು, ಹೆಚ್ಚಿನವು ಆರು ಮುಖದವು, ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಳಗೆ ನೆಲ ಇಲ್ಲ, ಸಮುದ್ರವೇ ಒಳಗೆ ಬಂದು ಹೋಗುತ್ತದೆ. ಅಲೆ ಹಿಂದಿನ ಗೋಡೆಗೆ ಬಡಿದಾಗ ಮೇಲಿನಿಂದ ಒಂದು ದಪ್ಪ ದನಿ ಇಳಿದು ಬರುತ್ತದೆ. 1829ರಲ್ಲಿ ಮೆಂಡೆಲ್ಸನ್ ಎಂಬ ಜರ್ಮನ್ ಸಂಗೀತಗಾರ ಇಲ್ಲಿಗೆ ಬಂದಿದ್ದನಂತೆ. ಆ ಪ್ರವಾಸದ ನೆನಪಿನಲ್ಲಿ ಅವನು ಕಟ್ಟಿದ ವಾದ್ಯ ಸಂಗೀತವನ್ನು ಮಗಳು ದೋಣಿಯಲ್ಲೇ ಕೇಳಿಸಿದಳು.

ಅಲ್ಲಿನವರ ಕಥೆ ಹೀಗಿದೆ. ಐರ್ಲೆಂಡಿನ ಫಿನ್ ಎಂಬ ದೈತ್ಯ, ಸ್ಕಾಟ್ಲೆಂಡಿನ ಬೆನಾಂಡೊನರ್ ಎಂಬ ದೈತ್ಯನ ಜೊತೆ ಕಾದಾಡಲು ಸಮುದ್ರದ ಮೇಲೆ ಕಲ್ಲಿನ ದಾರಿ ಕಟ್ಟಿದ. ಎದುರಾಳಿ ತನಗಿಂತ ದೊಡ್ಡವನು ಅಂತ ಗೊತ್ತಾಯಿತು. ಆಗ ಹೆಂಡತಿ ಫಿನ್‌ನಿಗೆ ಕೂಸಿನ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಬಂದವನು ಕೂಸನ್ನು ನೋಡಿದ. ಮಗುವೇ ಇಷ್ಟು ದೊಡ್ಡದಾದರೆ ಅಪ್ಪ ಹೇಗಿರಬೇಕು ಅಂತ ಹೆದರಿ, ದಾರಿಯನ್ನು ಕಿತ್ತು ಹಾಕುತ್ತಾ ಓಡಿದ. ಆ ದಾರಿಯ ಒಂದು ತುದಿ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬ ಕಲ್ಲುಕಂಬಗಳ ತೀರ, ಇನ್ನೊಂದು ತುದಿ ಸ್ಟಾಫಾ.

ಆಮೇಲೆ ಅರಾನ್ ದ್ವೀಪಕ್ಕೂ ಹೋದೆವು. ಅಲ್ಲಿ ಕಿಂಗ್ಸ್ ಕೇವ್ ಅಂತ ಒಂದು ಮರಳುಗಲ್ಲಿನ ಗುಹೆ. ರಾಬರ್ಟ್ ಬ್ರೂಸ್ ದೊರೆ ಸೋತು ಅಡಗಿ ಕೂತಾಗ ಜೇಡ ಮತ್ತೆ ಮತ್ತೆ ಬಲೆ ಕಟ್ಟುವುದನ್ನು ನೋಡಿದ ಅನ್ನುವ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದು ನಡೆದದ್ದು ಇಲ್ಲೇ ಅಂತ ಆ ಊರಿನವರು ಹೇಳುತ್ತಾರೆ. ಬೇರೆ ಗುಹೆಗಳವರೂ ನಮ್ಮದೇ ಅನ್ನುತ್ತಾರಂತೆ. ನನಗೆ ವಿಶೇಷ ಅನ್ನಿಸಿದ್ದು ಬೇರೆ. ಅದನ್ನು ಕೊರೆದದ್ದು ಸಮುದ್ರ, ಆದರೆ ಈಗ ಅಲೆ ಅಲ್ಲಿಗೆ ಮುಟ್ಟುವುದಿಲ್ಲ. ಗುಹೆ ತೀರಕ್ಕಿಂತ ಮೇಲಿದೆ.

ಇದನ್ನು ತರಗತಿಯಲ್ಲಿ ಹೇಳಿದೆ. ಒಂಬತ್ತನೇ ತರಗತಿಯ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಅಲ್ಲಿ ಸಮುದ್ರ ಹೋಗಿ ಗುಹೆ ಉಳ್ಕೊಂಡಿದೆ ಅಂದ್ರೆ, ನಮ್ಮ ಅಂತರಗಂಗೆ ಗುಹೆಗಳೂ ಹಂಗೇ ಆಗಿರಬಹುದಲ್ವಾ?" ಪಕ್ಕದ ಹುಡುಗ, "ಇಲ್ಲ ಮಿಸ್, ಅದು ಕಾಶಿಗೆ ಹೋಗೋ ದಾರಿ, ನಮ್ಮಜ್ಜಿ ಹೇಳಿದಾರೆ" ಅಂದ.

ಇಬ್ಬರಿಗೂ ಸರಿಯಾಗಿ ಉತ್ತರ ಕೊಡಬೇಕು. ಬೆಟ್ಟಕ್ಕೆ ಕರೆದುಕೊಂಡು ಹೋಗಿ ತೋರಿಸಿಯೇ ಹೇಳಬೇಕು ಅಂತ ಆಸೆ.

ಬೆಟ್ಟದ ಹುಡುಗ:

ಮೇಡಂ, ನಾನು ಅಂತರಗಂಗೆ ಕಡೆಯವನೇ. ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಬರುವವರನ್ನು ಗುಹೆ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಕೋಲಾರದಲ್ಲಿ ಹಿಂದೆ ಸಮುದ್ರ ಇತ್ತು ಅಂತ ಬಂದವರೊಬ್ಬರು ಹೇಳಿದ್ದರು. ಹಾಗಿದ್ದರೆ ನಿಮ್ಮ ಹುಡುಗಿ ಹೇಳಿದ್ದು ನಿಜ ಇರಬಹುದು. ಗೊತ್ತಿರುವವರು ಹೇಳಲಿ, ನಾನೂ ಕಾಯುತ್ತಿದ್ದೇನೆ. ಬಂದವರಿಗೆ ನಿಜವನ್ನೇ ಹೇಳಬೇಕಲ್ವಾ.

ಚಾಂಪಿಯನ್ ರೀಫ್ ಹಳಬ:

ಮೇಡಂ, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಕೆ.ಜಿ.ಎಫ್. ಗಣಿಯಲ್ಲಿ ಸರ್ವೆ ಕೆಲಸ ಮಾಡಿದವನು ನಾನು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚುವ ತನಕ ಕಲ್ಲಿನ ಜೊತೆಗೇ ಬದುಕಿದೆ. ಇಂಥ ಪ್ರಶ್ನೆ ಮಕ್ಕಳ ಬಾಯಿಂದ ಬಂದರೆ ನನಗೆ ಹಬ್ಬ.

ಮೊದಲು ಉತ್ತರ. ಅಂತರಗಂಗೆ ಗುಹೆಗಳನ್ನು ಸಮುದ್ರ ಕೊರೆದಿಲ್ಲ. ಆದರೆ ಕೋಲಾರ ಜಿಲ್ಲೆಯಲ್ಲಿ ಸಮುದ್ರ ಇತ್ತು ಅನ್ನುವುದು ನಿಜ. ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಸಮುದ್ರ ಸುಮ್ನೆ ಎಲ್ಲಿ ಬೇಕಾದರೂ ಗುಹೆ ಮಾಡುವುದಿಲ್ಲ. ಬಂಡೆಯಲ್ಲಿ ಬಿರುಕು ಎಲ್ಲಿದೆಯೋ, ಮೆತ್ತನೆ ಕಲ್ಲು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಅಲೆ ಬಂದು ಬಡಿದಾಗ ಬಿರುಕಿನೊಳಗಿನ ಗಾಳಿ ಸಿಕ್ಕಿಬಿದ್ದು ಒತ್ತಿಕೊಳ್ಳುತ್ತದೆ. ಅಲೆ ಹಿಂದೆ ಸರಿದ ತಕ್ಷಣ ಆ ಗಾಳಿ ಸಿಡಿದ ಹಾಗೆ ಹಿಗ್ಗುತ್ತದೆ. ಹಗಲು ರಾತ್ರಿ ಇದೇ ನಡೆದರೆ ಬಿರುಕು ಅಗಲವಾಗುತ್ತಾ ಹೋಗುತ್ತದೆ. ಜೊತೆಗೆ ಅಲೆ ಹೊತ್ತು ತರುವ ಮರಳು, ಗುಂಡುಕಲ್ಲು ಗೋಡೆಯನ್ನು ಉಜ್ಜುತ್ತವೆ. ಬಿದ್ದ ಚೂರುಗಳನ್ನು ನೀರೇ ಎಳೆದುಕೊಂಡು ಹೋಗುತ್ತದೆ. ಒಂದು ದಿನ ಚಾವಣಿ ಕುಸಿಯುತ್ತದೆ, ಗುಹೆಯ ಆಯಸ್ಸು ಮುಗಿಯುತ್ತದೆ.

ಸ್ಟಾಫಾದಲ್ಲಿ ಬಿರುಕು ಮೊದಲೇ ತಯಾರಿತ್ತು. ಸುಮಾರು 6 ಕೋಟಿ ವರ್ಷದ ಹಿಂದೆ ಅಲ್ಲಿ ಹರಿದ ಲಾವಾ ತಣಿಯುತ್ತಾ ಕುಗ್ಗಿತು. ನಮ್ಮ ಕೆರೆ ಅಂಗಳ ಏಪ್ರಿಲ್‌ನಲ್ಲಿ ಒಣಗಿ ಸೀಳುವುದನ್ನು ಮಕ್ಕಳು ನೋಡಿರುತ್ತಾರೆ. ಕುಗ್ಗಿದಾಗ ಹಾಗೇ ಸೀಳು ಬಿಟ್ಟು, ಆ ಸೀಳು ಆಳಕ್ಕೆ ಇಳಿದು ಕಂಬಗಳಾದವು. ಕಂಬಗಳ ಕೆಳಗೆ ಜ್ವಾಲಾಮುಖಿ ಬೂದಿಯ ಪದರ ಇದೆ, ಅದು ಅಷ್ಟು ಗಟ್ಟಿ ಅಲ್ಲ. ಸಮುದ್ರ ಒಂದೊಂದೇ ಕಂಬ ಕಿತ್ತುಕೊಂಡು ಒಳಗೆ ನುಗ್ಗಿತು. ನೀವು ಗುಹೆಯ ತನಕ ನಡೆದಿದ್ದರೆ, ಕಾಲಿಟ್ಟಿದ್ದು ಮುರಿದ ಕಂಬಗಳ ಬುಡದ ಮೇಲೆಯೇ.

ಅರಾನ್ ಗುಹೆ ಮೇಲಕ್ಕೆ ಉಳಿದದ್ದಕ್ಕೆ ಕಾರಣ ಹಿಮಯುಗ. ದಪ್ಪ ಮಂಜುಗಡ್ಡೆಯ ಭಾರಕ್ಕೆ ಸ್ಕಾಟ್ಲೆಂಡಿನ ನೆಲ ಕುಗ್ಗಿತ್ತು. ಮಂಜು ಕರಗಿ ಭಾರ ಇಳಿದ ಮೇಲೆ ನೆಲ ನಿಧಾನವಾಗಿ ಮೇಲೆದ್ದಿತು. ಸಮುದ್ರ ಕೆಳಗೆ ಉಳಿಯಿತು. ಇದೆಲ್ಲ ಸಾವಿರಾರು ವರ್ಷದ ಲೆಕ್ಕ, ಏರಿಕೆ ಕೆಲವೇ ಮೀಟರ್.

ಈಗ ನಮ್ಮ ಬೆಟ್ಟ. ಅಂತರಗಂಗೆ ಇರುವ ಶತಶೃಂಗದ ಕಲ್ಲು ಗ್ರಾನೈಟ್, ಗ್ನೈಸ್ ಜಾತಿಯದು. ಭೂಮಿಯೊಳಗೆ ಎಷ್ಟೋ ಕಿಲೋಮೀಟರ್ ಆಳದಲ್ಲಿ ಹುಟ್ಟಿದ್ದು. ಮೇಲಿನ ಹೊದಿಕೆ ಸವೆದು ಹೋದಂತೆ ಅದರ ಭಾರ ಇಳಿದು ಬಂಡೆಯಲ್ಲಿ ಅಡ್ಡ ಉದ್ದ ಬಿರುಕು ಬಿಟ್ಟಿತು. ಮಳೆ ನೀರು ಆ ಬಿರುಕಿಗೆ ಇಳಿದು ಅಂಚುಗಳನ್ನು ಕೊಳೆಸಿತು. ಕಲ್ಲು ಕೊಳೆತರೆ ಗರಸು ಮಣ್ಣು. ಬಂಡೆಯ ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ಸಿಗುವುದರಿಂದ ಮೂಲೆಗಳು ಬೇಗ ಕರಗಿ ಬಂಡೆ ದುಂಡಗಾಯಿತು. ಆಮೇಲಿನ ಮಳೆಗಳು ಗರಸನ್ನು ತೊಳೆದುಕೊಂಡು ಹೋದವು. ಒಂದರ ಮೇಲೊಂದು ಕೂತ ದೊಡ್ಡ ಗುಂಡುಗಳು ಉಳಿದವು. ಅವುಗಳ ನಡುವಿನ ಸಂದುಗಳೇ ನಿಮ್ಮ ಗುಹೆಗಳು. ಸಮುದ್ರ ಬೇಕಾಗಿಲ್ಲ, ಬಿರುಕು ಮತ್ತು ಮಳೆ ಸಾಕು.

ಇದನ್ನು ಮಕ್ಕಳೇ ಪರೀಕ್ಷೆ ಮಾಡಬಹುದು. ಗುಹೆಯ ನೆಲದಿಂದ ಒಂದು ಚಿಟಿಕೆ ಮರಳು ತೆಗೆದು ಭೂತಗನ್ನಡಿಯಲ್ಲಿ ನೋಡಲಿ. ಕಾಳುಗಳ ಮೂಲೆ ಚೂಪಾಗಿರುತ್ತದೆ, ಯಾಕೆಂದರೆ ಅದು ಅಲ್ಲೇ ಉದುರಿದ್ದು. ಅಲೆ ಉರುಳಿಸಿದ ಗುಂಡುಕಲ್ಲಿನ ರಾಶಿ ಎಲ್ಲೂ ಸಿಗುವುದಿಲ್ಲ. ತಲೆ ಎತ್ತಿ ನೋಡಿದರೆ ಬಂಡೆಗಳ ಸಂದಿನಿಂದ ಬೆಳಕು ಕಾಣುತ್ತದೆ. ಸಮುದ್ರ ಗುಹೆಗೆ ಸಾಮಾನ್ಯವಾಗಿ ಬಾಯಿ ಅಗಲ, ಒಳಗೆ ಕಿರಿದು, ಚಾವಣಿ ಇಡೀ ಬಂಡೆ.

ಇನ್ನು ಕೋಲಾರದ ಸಮುದ್ರ. ಇದನ್ನು ಹೇಳಲು ನನಗೆ ತುಂಬಾ ಇಷ್ಟ. ಕೆ.ಜಿ.ಎಫ್. ಹತ್ತಿರ ಪೆದ್ದಪಲ್ಲಿ ಇದೆ. ಅಲ್ಲಿನ ಜ್ವಾಲಾಮುಖಿ ಕಲ್ಲುಗಳನ್ನು ಮತ್ತು ದಿಂಬು ಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಲಾವಾ ನೀರಿನೊಳಗೆ ಉಕ್ಕಿದರೆ ಹೊರಮೈ ತಕ್ಷಣ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಆ ಸಿಪ್ಪೆ ಒಡೆದು ಮುಂದಿನ ಉಂಡೆ ಹೊರಗೆ ಬರುತ್ತದೆ. ಹೀಗೆ ಒಂದರ ಮೇಲೊಂದು ಕೂತ ಉಂಡೆಗಳಿಗೆ ದಿಂಬು ಲಾವಾ ಅನ್ನುತ್ತಾರೆ. ಒಣ ನೆಲದ ಮೇಲೆ ಹರಿದ ಲಾವಾ ಈ ಆಕಾರ ಪಡೆಯುವುದಿಲ್ಲ. ಚಿನ್ನ ಸಿಕ್ಕಿದ ನಮ್ಮ ಕರಿಕಲ್ಲಿನ ಪಟ್ಟಿ ಸುಮಾರು 270 ಕೋಟಿ ವರ್ಷ ಹಳೆಯದು. ನಾವು ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳಕ್ಕೆ ಇಳಿದು ಅಗೆದದ್ದು ಒಂದು ಕಾಲದ ಸಮುದ್ರ ತಳದ ಲಾವಾವನ್ನೇ. ಆ ಸಮುದ್ರಕ್ಕೂ ಇವತ್ತಿನ ಗುಹೆಗೂ ಸಂಬಂಧ ಇಲ್ಲ. ಅಂದಿನ ದಡ, ಬಂಡೆ, ಗುಹೆ ಏನಿದ್ದರೂ ಯಾವಾಗಲೋ ಅಳಿಸಿ ಹೋಗಿವೆ.

ಮಲ್ಪೆಯವಳು, ಈಗ ಚಿಂತಾಮಣಿ:

ಸ್ಟಾಫಾ ತನಕ ಹೋಗಲು ಆಗದ ಮಕ್ಕಳಿಗೆ ಕಂಬದ ಕಲ್ಲು ತೋರಿಸಬೇಕು ಅಂದರೆ ನಮ್ಮ ಸೇಂಟ್ ಮೇರೀಸ್ ದ್ವೀಪ ಇದೆ ಟೀಚರ್. ಮಲ್ಪೆಯಿಂದ ದೋಣಿ ಸಿಗುತ್ತದೆ, ಮಳೆಗಾಲದಲ್ಲಿ ಮಾತ್ರ ನಿಲ್ಲಿಸುತ್ತಾರೆ. ಅದೂ ಲಾವಾ ಕುಗ್ಗಿ ಆದ ಕಂಬಗಳೇ. ಆದರೆ ಸ್ಟಾಫಾದ ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲು ಅಲ್ಲ, ಸಿಲಿಕಾ ಜಾಸ್ತಿ ಇರುವ ಬೇರೆ ಜಾತಿ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಅನ್ನುವ ಮಾತು ಚಿಕ್ಕಂದಿನಿಂದ ಕೇಳಿದ್ದೇನೆ. ದ್ವೀಪ ತಗ್ಗು, ಕಡಿದಾದ ಎತ್ತರದ ಗೋಡೆ ಇಲ್ಲ. ಹಾಗಾಗಿ ಸ್ಟಾಫಾದಲ್ಲಿರುವಂಥ ಗುಹೆ ಅಲ್ಲಿಲ್ಲ.

ಹಳಬರು ಹೇಳಿದ ಅಲೆಯ ಬಲ ನನಗೆ ಹೊಸದಲ್ಲ. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಕಡಲ್ಕೊರೆತ ಶುರುವಾದರೆ ತಡೆಗೋಡೆಗೆ ಹಾಕಿದ ದೊಡ್ಡ ಕಲ್ಲುಗಳೂ ಜಾಗ ಬಿಡುತ್ತವೆ. ತೆಂಗಿನ ಮರಗಳು ಬೇರು ಸಮೇತ ಹೋಗುತ್ತವೆ. ಬಯಲುಸೀಮೆಯ ಮಕ್ಕಳಿಗೆ ಸಮುದ್ರ ಅಂದರೆ ರಜೆಯ ಜಾಗ. ಅದು ನೆಲ ತಿನ್ನುತ್ತದೆ ಅನ್ನುವುದನ್ನೂ ದಯವಿಟ್ಟು ಹೇಳಿ.

ಕೊರಟಗೆರೆ ಕಡೆಯವರು:

ಎಲ್ಲ ಸರಿ. ಆದರೆ ಆ ಹುಡುಗನ ಅಜ್ಜಿಯ ಮಾತು ಸುಳ್ಳು ಅಂತ ತರಗತಿಯಲ್ಲಿ ಹೇಳಬೇಡಿ ಮೇಡಂ. ನಮ್ಮ ಸಿದ್ಧರಬೆಟ್ಟದಲ್ಲೂ ಬಂಡೆಗಳ ನಡುವೆ ಗುಹೆ, ಒಳಗೆ ದೇವರು, ತಣ್ಣನೆ ನೀರು. ಆ ನೀರಿಗಾಗಿಯೇ ದೂರದಿಂದ ಜನ ಬರುತ್ತಾರೆ. ದೇವರಾಯನದುರ್ಗದ ಹತ್ತಿರ ನಾಮದ ಚಿಲುಮೆ ಇದೆ. ರಾಮ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಾಣ ಬಿಟ್ಟ, ಬಂಡೆಯಿಂದ ನೀರು ಬಂತು ಅಂತ ನಮ್ಮಮ್ಮ ಹೇಳಿಯೇ ನಾನು ಆ ಜಾಗ ನೋಡಿದ್ದು. ಕಥೆ ಇಲ್ಲದಿದ್ದರೆ ಆ ಜಾಗವನ್ನು ಯಾರೂ ಉಳಿಸಿಕೊಳ್ಳುತ್ತಿರಲಿಲ್ಲ.

ಕೋಲಾರದ ಕನ್ನಡ ಟೀಚರ್:

ಖಂಡಿತ ಹಾಗೆ ಹೇಳುವುದಿಲ್ಲ. ಕಥೆ ನನ್ನ ಪಾಠದ ಅನ್ನ. ಹಳಬರ ಉತ್ತರ ಓದಿದ ಮೇಲೆ ನನಗೆ ಒಂದು ಹೊಳೆಯಿತು. ಫಿನ್ ಕಥೆ ಕಟ್ಟಿದವರು ಸಮುದ್ರದ ಎರಡು ದಡದಲ್ಲಿ ಒಂದೇ ಥರದ ಕಂಬ ಇರುವುದನ್ನು ಗಮನಿಸಿದ್ದರು. ಎರಡಕ್ಕೂ ನಂಟು ಇದೆ ಅಂತ ಅವರಿಗೆ ಅನ್ನಿಸಿತ್ತು. ಎರಡೂ ಹೆಚ್ಚು ಕಡಿಮೆ ಒಂದೇ ಕಾಲದ ಜ್ವಾಲಾಮುಖಿಗಳ ಕೆಲಸ ಅಂತ ಈಗ ವಿಜ್ಞಾನವೂ ಹೇಳುತ್ತದೆ. ಕಾಶಿಯ ಕಥೆ ಹೇಳಿದ ಅಜ್ಜಿಯೂ ಅಂತರಗಂಗೆ ದೇವಸ್ಥಾನದಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕಣ್ಣಿಗೆ ಕಾಣದ ಬೇರೆಲ್ಲಿಂದಲೋ ಬರುತ್ತದೆ ಅಂತ ಗಮನಿಸಿದ್ದಾರೆ ಅಲ್ವಾ? ಆ ನೀರು ನಿಜವಾಗಿ ಎಲ್ಲಿಂದ ಬರುತ್ತದೆ ಹಳಬರೇ?

ಚಾಂಪಿಯನ್ ರೀಫ್ ಹಳಬ:

ಅದೇ ಬಿರುಕುಗಳಿಂದ ಮೇಡಂ. ಬೆಟ್ಟದ ತಲೆಯ ಮೇಲೆ ಊರುಗಳಿವೆ, ಹೊಲ ಇದೆ, ಮಣ್ಣಿದೆ. ಅಲ್ಲಿ ಬಿದ್ದ ಮಳೆ ಗರಸಿಗೆ ಇಳಿದು ಬಿರುಕು ಹಿಡಿದು ನಿಧಾನವಾಗಿ ಕೆಳಗೆ ಬರುತ್ತದೆ. ಬಿರುಕು ಎಲ್ಲಿ ಹೊರಗೆ ತೆರೆದುಕೊಳ್ಳುತ್ತದೋ ಅಲ್ಲಿ ಚಿಲುಮೆ. ಮಳೆ ನಿಂತು ತಿಂಗಳುಗಳಾದ ಮೇಲೂ ನೀರು ಬರುವುದು ಆ ನಿಧಾನದಿಂದಲೇ. ಹಾಗಾಗಿ ಬೆಟ್ಟದ ಮೇಲಿನ ಮರ, ಮಣ್ಣು ಉಳಿದರೆ ಬಸವನ ಬಾಯಲ್ಲಿ ನೀರು. ಮೇಲೆ ಕಲ್ಲು ಒಡೆಯುವ ಕೆಲಸ ಹೆಚ್ಚಾದರೆ ಈ ದಾರಿಗಳು ಕೆಡುತ್ತವೆ. ಮಕ್ಕಳಿಗೆ ಇದನ್ನು ಒತ್ತಿ ಹೇಳಿ.

ಬೆಟ್ಟದ ಹುಡುಗ:

ತುಂಬಾ ಥ್ಯಾಂಕ್ಸ್ ಸಾರ್, ಇನ್ನು ಮೇಲೆ ಬಂದವರಿಗೆ ಇದನ್ನೇ ಹೇಳುತ್ತೇನೆ. ಮೇಡಂ, ಮಕ್ಕಳನ್ನು ಕರೆತರುವಾಗ ಕೆಲವು ಮಾತು. ಮಳೆ ಬಂದ ಮರುದಿನ ಬೇಡ, ಬಂಡೆ ಜಾರುತ್ತದೆ. ಒಳಗೆ ಕೆಲವು ಕಡೆ ತೆವಳಿಕೊಂಡೇ ಹೋಗಬೇಕು. ಚಿಕ್ಕವರನ್ನು ಮೊದಲ ದೊಡ್ಡ ಗುಹೆಯಿಂದ ಮುಂದೆ ಬಿಡಬೇಡಿ. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ತಲೆಗೆ ಕಟ್ಟುವ ಲೈಟು ಒಳ್ಳೆಯದು. ತಿಂಡಿ ಬ್ಯಾಗಿನೊಳಗೇ ಇರಲಿ, ಮೆಟ್ಟಿಲ ಹತ್ತಿರ ಕೋತಿಗಳು ಕಿತ್ತುಕೊಳ್ಳುತ್ತವೆ. ಜಾಗ ಗೊತ್ತಿರುವ ಒಬ್ಬರು ಜೊತೆಗೆ ಇರಲೇಬೇಕು. ನಾನೇ ಬರುತ್ತೇನೆ, ಮಕ್ಕಳಿಗೆ ದುಡ್ಡು ಬೇಡ.

ಕೋಲಾರದ ಕನ್ನಡ ಟೀಚರ್:

ನಿನಗೆ ಒಳ್ಳೆಯದಾಗಲಿ ತಮ್ಮಾ, ಖಂಡಿತ ಕರೆಯುತ್ತೇನೆ. ಹಳಬರೇ, ಪೆದ್ದಪಲ್ಲಿಗೂ ಮಕ್ಕಳನ್ನು ಕರೆದುಕೊಂಡು ಹೋದರೆ ಏನು ನೋಡಬೇಕು ಅಂತ ಹೇಳಿಕೊಡಿ.

ಚಾಂಪಿಯನ್ ರೀಫ್ ಹಳಬ:

ಬೆಳಗ್ಗೆ ಹೋಗಿ, ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಗೆರೆ ಚೆನ್ನಾಗಿ ಕಾಣುತ್ತದೆ. ಒಂದು ಬಾಟಲಿ ನೀರು ಬಂಡೆಯ ಮೇಲೆ ಚೆಲ್ಲಿ, ಇನ್ನೂ ಸ್ಪಷ್ಟವಾಗುತ್ತದೆ. ದಿಂಬು ಲಾವಾ ಅಂದರೆ ಒಂದಕ್ಕೊಂದು ಒತ್ತಿಕೊಂಡ ಉಂಡೆಗಳು, ಪ್ರತಿಯೊಂದರ ಸುತ್ತ ಬೇರೆ ಬಣ್ಣದ ತೆಳು ಅಂಚು. ನೀರು ತಾಕಿ ಮೊದಲು ಗಟ್ಟಿಯಾದ ಸಿಪ್ಪೆ ಅದು. ಇಷ್ಟು ಹಳೆಯ ಕಲ್ಲು ಮಡಚಿ ಹಿಂಡಿ ಹೋಗಿರುತ್ತದೆ, ಎಲ್ಲ ಉಂಡೆಯೂ ದುಂಡಗೆ ಇರುವುದಿಲ್ಲ. ಮಕ್ಕಳು ಅಂಚನ್ನು ಹುಡುಕಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳಲಿ. ಸುತ್ತಿಗೆ ಒಯ್ಯಬೇಡಿ, ಚೂರು ಒಡೆದು ತರಬೇಡಿ. ದಿನ ಗೊತ್ತಾದಾಗ ತಿಳಿಸಿ, ಮಂಡಿ ನೋವಿದ್ದರೂ ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿಗೆ ಬಂದು ನಿಮ್ಮ ಜೊತೆ ಹತ್ತುತ್ತೇನೆ.