ಜಾಝ್, ಫಂಕ್, ಹಿಪ್ ಹಾಪ್: ಮೊದಲು ಯಾವ ರೆಕಾರ್ಡ್ ತಗೊಂಡ್ರಿ?

ಮೈಸೂರು: ಅಪ್ಪನ ಹಳೇ ಪ್ಲೇಯರ್ ರಿಪೇರಿ ಆಗಿ ಬಂತು. ಇಲ್ಲಿಯವರೆಗೆ ಎಲ್ಲಾ ಫೋನಿನಲ್ಲೇ ಕೇಳಿದ್ದು. ಜಾಝ್, ಫಂಕ್, ಹಿಪ್ ಹಾಪ್ ಒಂದೊಂದು ಎಲ್‌ಪಿ ಬೇಕು. ಕೈಯಲ್ಲಿ 10,000 ಇದೆ. ಕೇಳಿದವರು ನಿಮ್ಮ ಅನುಭವ ಹೇಳಿ.

ಬಸವನಗುಡಿ: ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಒಂದನ್ನೇ ನಾನು ಮೂರು ಸಲ ಕೊಂಡೆ. ಮೊದಲನೆಯದು ಸೆಕೆಂಡ್ ಹ್ಯಾಂಡ್, 2,200. ಹಪ್ಪಳದ ಹಾಗೆ ಸೊಟ್ಟಗಾಗಿ ಬಂತು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಎರಡನೆಯದು ಹೊರದೇಶದಿಂದ ತರಿಸಿದ್ದು. 3,900 ಜೊತೆಗೆ ಕಸ್ಟಮ್ಸ್ 1,650. ಅದರ ಮೊದಲ ಬದಿಯ ಶ್ರುತಿ ನನ್ನ ಹಾರ್ಮೋನಿಯಂಗೆ ಕೂಡಲೇ ಇಲ್ಲ. ಆಮೇಲೆ ಗೊತ್ತಾಯಿತು, 1959ರ ಮಾರ್ಚ್ 2ರಂದು ರೆಕಾರ್ಡ್ ಮಾಡುವಾಗ ಟೇಪ್ ಮೆಷಿನ್ ನಿಧಾನ ಓಡಿತ್ತಂತೆ. ಅದಕ್ಕೇ ಹಳೇ ಪ್ರತಿಗಳಲ್ಲಿ ಆ ಬದಿ ಚೂರು ವೇಗವಾಗಿ ಓಡುತ್ತದೆ, ಶ್ರುತಿಯೂ ಏರುತ್ತದೆ. 1990ರ ದಶಕದಲ್ಲಷ್ಟೇ ಸರಿ ಮಾಡಿದರು. ಮೂರನೆಯದು ಸರಿಪಡಿಸಿದ ಪ್ರತಿ. ಬಿಲ್ ಇವಾನ್ಸ್ ಪಿಯಾನೋ ಈಗ ಉಸಿರಾಡುತ್ತದೆ. ಹಳೇ ವೇಗದ್ದು ಪುಕ್ಕಟೆ ಸಿಕ್ಕಿದರೂ ಬೇಡ.

ಹುಬ್ಬಳ್ಳಿ: ಏನ್ರೀ ಇದು, ಮೂವತ್ತು ವರ್ಷ ಜನ ಆ ಹಳೇ ವೇಗದಲ್ಲೇ ಕೇಳಿ ಅತ್ತಿಲ್ವಾ? ಶ್ರುತಿ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ. ನನಗೆ ಜಾಝ್ ಬಾಗಿಲು ತೆಗೆದದ್ದು ಹಿಪ್ ಹಾಪ್. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ 'ದ ಲೋ ಎಂಡ್ ಥಿಯರಿ', 1991. ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರ ಕ್ಯಾಸೆಟ್. ಆ ಬೇಸ್ ಎದೆಗೇ ಬಡಿಯಿತು. ಕೆಲಸ ಸಿಕ್ಕ ಮೇಲೆ ಅದಕ್ಕಾಗೇ 18,000 ಕೊಟ್ಟು ಸ್ಪೀಕರ್ ತಂದೆ. ಅಡುಗೆಮನೆ ಶೆಲ್ಫಿನ ಸ್ಟೀಲ್ ಲೋಟ ನಡುಗುತ್ತಿದ್ದವು. ಎರಡೇ ತಿಂಗಳಿಗೆ ಓನರ್ ಮನೆ ಖಾಲಿ ಮಾಡಿಸಿದರು. ಅಡ್ವಾನ್ಸ್‌ನಲ್ಲಿ 7,000 ಹಿಡಿದುಕೊಂಡರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ಸ್ಪೀಕರ್ ಮಾರಿಲ್ಲ.

ಶಿವಮೊಗ್ಗ: ಬೇರೆಯವರು ನುಡಿಸಿದ್ದನ್ನು ಕತ್ತರಿಸಿ ಅಂಟಿಸೋ ಈ ಹಿಪ್ ಹಾಪ್‌ಗೆ ಇಷ್ಟೊಂದು ಹೊಗಳಿಕೆಯಾ? ನಾನು 11 ವರ್ಷ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸಿದವನು. ಕ್ಲೈಡ್ ಸ್ಟಬಲ್‌ಫೀಲ್ಡ್ ಹೆಸರು ಕೇಳಿದ್ದೀರಾ? ಫಂಕ್ ಗಾಯಕ ಜೇಮ್ಸ್ ಬ್ರೌನ್‌ನ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಆತ ಬಾರಿಸಿದ ಕೆಲವೇ ಸೆಕೆಂಡಿನ ಪೆಟ್ಟನ್ನು ನೂರಾರು ಹಾಡಿಗೆ ಎತ್ತಿಕೊಂಡರು. ಹಾಡು ಬರೆದವರ ಪಟ್ಟಿಯಲ್ಲಿ ಆತನ ಹೆಸರಿಲ್ಲ, ಅದಕ್ಕೇ ರಾಯಲ್ಟಿಯೂ ಬರಲಿಲ್ಲ. ನನಗೂ ಒಂದು ಸಿನಿಮಾ ಹಾಡಿಗೆ ಬಾರಿಸಿದ್ದಕ್ಕೆ 600 ಕೊಟ್ಟು ಕಳಿಸಿದ್ದರು. ಕ್ಯಾಸೆಟ್ ಮೇಲೆ ಹೆಸರೂ ಹಾಕಲಿಲ್ಲ. ಮೈಸೂರಿನವರೇ, ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್‌ನ 'ಹೆಡ್ ಹಂಟರ್ಸ್' ತಗೊಳ್ಳಿ, ಜಾಝ್ ಫಂಕ್ ಎರಡೂ ಇದೆ, 1973ರದ್ದು. ಮೊದಲ ಹಾಡು ಹದಿನೈದು ನಿಮಿಷ, ಮತ್ತೆ ಮತ್ತೆ ಬರುವ ಬೇಸ್ ಗತ್ತು, ಆದರೂ ಒಂದು ಕ್ಷಣ ಬೇಜಾರಾಗಲ್ಲ. ಅದರ ನಂತರದ್ದರಲ್ಲಿ ಬಿಲ್ ಸಮರ್ಸ್ ಬಿಯರ್ ಬಾಟಲಿ ಊದುತ್ತಾರೆ. ಆಫ್ರಿಕಾದ ಕಾಡಿನ ಜನರ ಕೊಳಲಿನ ರೀತಿ ಅದು.

ಹುಬ್ಬಳ್ಳಿ: ನಿಮಗಾದದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ ನಾನು ಹೇಳಿದ ರೆಕಾರ್ಡಿನಲ್ಲಿ ಒಂದು ಹಾಡಿಗೆ ರಾನ್ ಕಾರ್ಟರ್ ತಾವೇ ಬಂದು ಬೇಸ್ ನುಡಿಸಿದ್ದಾರೆ. ಅವರು ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು. ಸುಮ್ನೆ ಎಲ್ಲರನ್ನೂ ಕಳ್ಳರು ಅನ್ನಬೇಡಿ.

ಶಿವಮೊಗ್ಗ: ಕಳ್ಳರು ಅಂತ ನಾನೆಲ್ಲಿ ಅಂದೆ? ಸರಿಯಾಗಿ ಓದಿ.

ಮಲ್ಲೇಶ್ವರ, ಈಗ ಮ್ಯೂನಿಕ್: ನಮ್ಮೂರಿನ ಹೆಸರೇ ಯಾರೂ ಎತ್ತಲಿಲ್ಲವಲ್ಲ. 'ಜ್ಯೋತಿ' ಕೇಳಿ, 1983. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಬೆಂಗಳೂರಿನ ತಾಳವಾದ್ಯ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಆರ್.ಎ. ರಮಾಮಣಿ ಹಾಡಿದ್ದಾರೆ, ಟಿ.ಎ.ಎಸ್. ಮಣಿ ಮೃದಂಗ. ಇಲ್ಲಿ ಮೊದಲ ಚಳಿಗಾಲದಲ್ಲಿ ಒಂದು ಹಳೇ ರೆಕಾರ್ಡಿನಂಗಡಿಯಲ್ಲಿ 24 ಯೂರೋಗೆ ಸಿಕ್ಕಿತು. ಮನೆಯಲ್ಲಿ ಪ್ಲೇಯರ್ರೇ ಇರಲಿಲ್ಲ. ಎಂಟು ತಿಂಗಳು ಕವರ್ ನೋಡಿಕೊಂಡೇ ಇದ್ದೆ. ಕೊನೆಗೆ ರಮಾಮಣಿ ಅವರ ದನಿ, ಅದರ ಬೆನ್ನಿಗೇ ಸ್ಯಾಕ್ಸ್. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಬಸವನಗುಡಿ: ಅದು ಫ್ಯೂಷನ್, ಬೆರಕೆ ಸಂಗೀತ, ಜಾಝ್ ಅಲ್ಲ. ಕೇಳಿದವರ ದಾರಿ ತಪ್ಪಿಸಬೇಡಿ.

ಮಲ್ಲೇಶ್ವರ, ಈಗ ಮ್ಯೂನಿಕ್: ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್‌ನ 1963ರ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ'ಯಲ್ಲಿ ಆಲ್ಟೊ ಸ್ಯಾಕ್ಸ್ ನುಡಿಸಿದ್ದು ಇದೇ ಮರಿಯಾನೊ. ಅದೂ ಜಾಝ್ ಅಲ್ವಾ?

ಮೈಸೂರು: ಸರ್, ಪ್ಲೇಯರಿನ ಮುಳ್ಳು ಮಾತ್ರ ಹಳೇದೇ ಇದೆ. ಹೊಸದು ಹಾಕಿಸಬೇಕಾ?

ಬಸವನಗುಡಿ: ಮಿಂಗಸ್ ರೆಕಾರ್ಡ್ ನನ್ನ ಹತ್ತಿರ ಇದೆ. ಇವತ್ತು ರಾತ್ರಿ ಮತ್ತೆ ಹಾಕಿ ಕೇಳುತ್ತೇನೆ. ಆದರೆ ಶ್ರುತಿ ಯಾರಿಗೂ ಗೊತ್ತಾಗಲ್ಲ ಅಂತ ಹುಬ್ಬಳ್ಳಿಯವರು ಬರೆದದ್ದು ತಪ್ಪು. ನನಗೆ ಗೊತ್ತಾಗಿದೆ.