ಪದಚರ್ಚೆ: 'ಮರೆತುಹೋದ ಆಲ್ಬಮ್' ಅಂದರೆ ಮರೆತವರು ಯಾರು?

ಗೆಳೆಯರೇ,

ಒಂದು ಪದದ ವಿಷಯಕ್ಕೆ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಬಂದ ಕಾಲದಲ್ಲಿ ಯಾರೂ ಕೇಳದೆ, ಎಷ್ಟೋ ವರ್ಷ ಆದಮೇಲೆ ಜನ ತಲೆ ಮೇಲೆ ಹೊತ್ತುಕೊಂಡ ರಾಕ್ ಆಲ್ಬಮ್‌ಗಳ ಬಗ್ಗೆ ಗೆಳೆಯರೊಬ್ಬರ ಪುಟ್ಟ ಪತ್ರಿಕೆಗೆ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡೆ. 'ಮರೆತುಹೋದ ಆಲ್ಬಮ್‌ಗಳು' ಅಂತ ತಲೆಬರಹ ಹಾಕಿ ಶುರು ಮಾಡಿದೆ. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ತಲೆಬರಹವೇ ಸುಳ್ಳು ಅನ್ನಿಸತೊಡಗಿತು. ಮರೆಯಬೇಕು ಅಂದರೆ ಮೊದಲು ಗೊತ್ತಿರಬೇಕು, ಅಲ್ವಾ?

ಇದೆಲ್ಲ ಶುರುವಾಗಿದ್ದು ಒಂದು ರಟ್ಟಿನ ಡಬ್ಬದಿಂದ. ಬಾಡಿಗೆ ಮನೆ ಬದಲಿಸಿದಾಗ ಅಟ್ಟದ ಮೇಲೆ ಹಿಂದಿನವರು ಬಿಟ್ಟುಹೋದ ಡಬ್ಬ ಇತ್ತು. ಹಳೇ ಕರೆಂಟ್ ಬಿಲ್ಲು, ಒಡೆದ ಟಾರ್ಚು, ಜೊತೆಗೆ ಒಂದು ಸೀಡಿ. ಸೀಡಿಯ ಹೊದಿಕೆ ಮೇಲೆ ಬಣ್ಣ ಚೆಲ್ಲಾಡಿದ ಚಿತ್ರ. 'ದಿ ಜಾಂಬೀಸ್' ಅನ್ನೋ ಇಂಗ್ಲೆಂಡಿನ ತಂಡದ 'ಒಡೆಸ್ಸಿ ಅಂಡ್ ಆರಕಲ್'. ಆ ರಾತ್ರಿ ಅದನ್ನು ಮೂರು ಸಲ ಕೇಳಿದೆ. ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿ "ಒಂದು ಹಳೇ ಆಲ್ಬಮ್ ಸಿಕ್ತಮ್ಮ" ಅಂದೆ. ಅಮ್ಮ ಖುಷಿಯಿಂದ ಕೇಳಿದರು: "ಯಾರ ಮದುವೇದೋ?"

ನಕ್ಕೆ. ಆದರೆ ಅಮ್ಮನ ಮಾತು ಅಷ್ಟೇನೂ ತಪ್ಪಲ್ಲ. ಹಿಂದೆ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟುಗಳಲ್ಲಿ ಒಂದು ಮಗ್ಗುಲಿಗೆ ಹೆಚ್ಚೂ ಕಡಿಮೆ ಮೂರು ನಾಲ್ಕು ನಿಮಿಷ ಮಾತ್ರ ಹಿಡಿಸುತ್ತಿತ್ತು. ಉದ್ದದ ಸಂಗೀತವನ್ನು ನಾಲ್ಕಾರು ಪ್ಲೇಟುಗಳ ಮೇಲೆ ಹಂಚಿ, ಫೋಟೋ ಆಲ್ಬಮ್ಮಿನ ಥರ ಹೊಲಿದ ಲಕೋಟೆಗಳಲ್ಲಿಟ್ಟು ಮಾರುತ್ತಿದ್ದರು. ಹೆಸರು ಬಂದಿದ್ದು ಅಲ್ಲಿಂದ. 1948ರಲ್ಲಿ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟು ಬಂತು, ಎಲ್ಲ ಒಂದೇ ಪ್ಲೇಟಿನಲ್ಲಿ ಹಿಡಿಸಿತು, ಹೆಸರು ಮಾತ್ರ ಹಾಗೇ ಉಳಿಯಿತು. ನಮ್ಮ ಪತ್ರಿಕೆಗಳವರು ಕ್ಯಾಸೆಟ್ಟು ಹೋಗಿ ಎಷ್ಟೋ ಕಾಲವಾದರೂ 'ಧ್ವನಿಸುರುಳಿ ಬಿಡುಗಡೆ' ಅಂತ ಬರೀತಾರಲ್ಲ, ಹಾಗೆ. ನಾನಂತೂ 'ಆಲ್ಬಮ್' ಅಂತಲೇ ಬರೆಯುತ್ತೇನೆ. 'ಗೀತಗುಚ್ಛ' ಅಂದರೆ ಭಾವಗೀತೆಯ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಓದಿದ ಹಾಗಾಗುತ್ತೆ.

ಈಗ ಜಾಂಬೀಸ್ ಕಥೆ. 1967ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಈ ಆಲ್ಬಮ್ಮಿನ ಧ್ವನಿಮುದ್ರಣ ಶುರು ಮಾಡಿದರು. ಬೀಟಲ್ಸ್ ತಮ್ಮ ದೊಡ್ಡ ಆಲ್ಬಮ್ ಮುಗಿಸಿ ಹೋಗಿ ಬಹಳ ದಿನ ಆಗಿರಲಿಲ್ಲ. ಇವರ ಕೈಲಿದ್ದ ದುಡ್ಡು ಸುಮಾರು 1000 ಪೌಂಡು. ಪಿಟೀಲಿನವರನ್ನು ಕರೆಸುವಷ್ಟು ಗಂಟಿಲ್ಲದಿದ್ದಾಗ ಮೆಲೊಟ್ರಾನ್ ಅನ್ನೋ ವಾದ್ಯ ಕೈ ಹಿಡಿಯಿತು. ನೋಡೋಕೆ ಹಾರ್ಮೋನಿಯಮ್ಮಿನ ಅಣ್ಣ. ಒಂದೊಂದು ಮನೆ ಒತ್ತಿದಾಗಲೂ ಒಳಗೆ ಒಂದೊಂದು ಟೇಪಿನ ತುಂಡು ಓಡಿ, ಅದರಲ್ಲಿ ಮೊದಲೇ ತುಂಬಿಟ್ಟ ಪಿಟೀಲೋ ಕೊಳಲೋ ಕೇಳುತ್ತೆ. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿಯುತ್ತೆ, ಬೆರಳು ಎತ್ತಲೇಬೇಕು. ಆ ಉಸಿರು ಕಟ್ಟಿದಂಥ, ಸ್ವಲ್ಪ ಅಲುಗಾಡುವ ದನಿಯೇ ಈ ಆಲ್ಬಮ್ಮಿನ ರುಚಿ.

ಮೊದಲ ಹಾಡು 'ಕೇರಾಫ್ ಸೆಲ್ 44'. ಜೈಲಿನಿಂದ ಬಿಡುಗಡೆಯಾಗಿ ಬರಲಿರುವ ಪ್ರೇಯಸಿಗೆ ಬರೆದ ಕಾಗದ. ಧಾಟಿ ಮಾತ್ರ ಭಾನುವಾರದ ಬೆಳಗಿನಷ್ಟು ಲವಲವಿಕೆಯದು. ಕಾಗದದ ಮೇಲಿನ 'ಕೇರಾಫ್' ನಮಗೇನೂ ಹೊಸದಲ್ಲ. ನಮ್ಮ ಓಣಿಯಲ್ಲಿ ಅರ್ಧ ಜನರ ವಿಳಾಸವೇ ಕೇರಾಫ್ ಕಿರಾಣಿ ಅಂಗಡಿ.

ನಮ್ಮ ಈ ಪದಚರ್ಚೆಯ ಗುಂಪಿನವರಿಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಹೊದಿಕೆಯ ಮೇಲೆ ಇಂಗ್ಲಿಷಿನಲ್ಲಿ 'ಒಡಿಸ್ಸಿ' ಅನ್ನೋದರ ಕಾಗುಣಿತ ತಪ್ಪಾಗಿದೆ. ಚಿತ್ರ ಬರೆದ ಕಲಾವಿದರ ಕೈತಪ್ಪು. ಗೊತ್ತಾಗುವ ಹೊತ್ತಿಗೆ ತಿದ್ದೋ ಕಾಲ ಮೀರಿತ್ತು. "ಬೇಕಂತಲೇ ಹಾಗೆ ಬರೆಸಿದ್ದು" ಅಂತ ತಂಡದ ರಾಡ್ ಆರ್ಜೆಂಟ್ ಬಹಳ ಕಾಲ ಸಾಧಿಸಿದರಂತೆ. ನಮ್ಮಲ್ಲಿ ಲಗ್ನಪತ್ರಿಕೆಯಲ್ಲಿ ಅಕ್ಷರ ತಪ್ಪಾದರೆ ಹಿರಿಯರು ಇದೇ ಉತ್ತರ ಕೊಡುತ್ತಾರೆ. ಕನ್ನಡದಲ್ಲಿ ಈ ತಪ್ಪನ್ನು ತೋರಿಸೋದು ಹೇಗೆ? ನಾನು 'ಒಡೆಸ್ಸಿ' ಅಂತ ಬರೆದು ಸಮಾಧಾನ ಮಾಡಿಕೊಂಡಿದ್ದೇನೆ. ಸರಿಯಾಗಿ 'ಒಡಿಸ್ಸಿ' ಅಂತ ಬರೆದರೆ ನೃತ್ಯದ ಬರಹ ಅಂದುಕೊಳ್ಳುವ ಅಪಾಯ ಬೇರೆ.

1968ರ ಏಪ್ರಿಲ್‌ನಲ್ಲಿ ಆಲ್ಬಮ್ ಬಂತು. ಅಷ್ಟರಲ್ಲಿ ತಂಡವೇ ಒಡೆದಿತ್ತು. ಕೇಳಿದವರು ಕಡಿಮೆ. ಮರುವರ್ಷ ಅಮೆರಿಕದಲ್ಲಿ ಕೊನೆಯ ಹಾಡು 'ಟೈಮ್ ಆಫ್ ದಿ ಸೀಸನ್' ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ದಿಢೀರನೆ ಮೂರನೇ ಜಾಗಕ್ಕೆ ಏರಿತು. ಹಾಡೋಕೆ ತಂಡವೇ ಇಲ್ಲ! ಆ ಸಂದಿಯಲ್ಲಿ ನಕಲಿ ಜಾಂಬೀಸ್ ತಂಡಗಳು ಹುಟ್ಟಿ ಊರೂರು ತಿರುಗಿದವು. ಅಂಥ ಒಂದು ನಕಲಿ ತಂಡದಲ್ಲಿದ್ದ ಇಬ್ಬರು ಮುಂದೆ 'ಜೀ ಜೀ ಟಾಪ್' ಅನ್ನೋ ರಾಕ್ ತಂಡ ಸೇರಿ ಅಸಲಿ ಹೆಸರು ಮಾಡಿದರು. ಒಂದು ಹಾಡು ಗೆದ್ದರೂ ಇಡೀ ಆಲ್ಬಮ್ ಜನರ ಕಿವಿಗೆ ಬಿದ್ದಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಇದನ್ನು 'ಮರೆತುಹೋದದ್ದು' ಅನ್ನೋದು ಹೇಗೆ?

ಆ 'ಹೋದ' ಅನ್ನೋದೇ ಒಂದು ಕಿಲಾಡಿ. ಕೈಗಡ ತಗೊಂಡವರು ಯಾವತ್ತೂ "ನಾನು ಮರೆತೆ" ಅನ್ನಲ್ಲ. "ಅಯ್ಯೋ, ಮರೆತೇಹೋಯ್ತು" ಅಂತಾರೆ. ತಪ್ಪು ಯಾರದ್ದೂ ಅಲ್ಲ, ಮರೆವು ತಾನಾಗೇ ಎದ್ದು ನಡೆದುಹೋಯಿತು ಅನ್ನೋ ಹಾಗೆ. 'ಮರೆತುಹೋದ ಆಲ್ಬಮ್' ಅಂದಾಗಲೂ ಯಾರಿಗೆ ಅನ್ನೋದು ಬಿಟ್ಟುಹೋಗುತ್ತೆ. ಅಮೆರಿಕದ ಡೆಟ್ರಾಯಿಟ್ಟಿನ ಗಾಯಕ ರೊಡ್ರಿಗೆಜ್ ಅವರನ್ನೇ ನೋಡಿ. 1970ರಲ್ಲಿ ಅವರ ಆಲ್ಬಮ್ 'ಕೋಲ್ಡ್ ಫ್ಯಾಕ್ಟ್' ಬಂತು. ಅಮೆರಿಕದಲ್ಲಿ ಯಾರೂ ಕೊಳ್ಳಲಿಲ್ಲ. ಇನ್ನೊಂದು ಆಲ್ಬಮ್ ಮಾಡಿದರು, ಅದೂ ಓಡಲಿಲ್ಲ. ಆಮೇಲೆ ಹಳೇ ಮನೆ ಕೆಡವುವ, ರಿಪೇರಿ ಮಾಡುವ ಕೂಲಿಗೆ ಹೋದರು. ಅದೇ ಹೊತ್ತಿಗೆ ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಆ ಹಾಡುಗಳು ಮನೆಮಾತಾಗಿದ್ದವು. ಅಲ್ಲಿಯವರು ಈತ ವೇದಿಕೆ ಮೇಲೇ ಪ್ರಾಣ ಕಳಕೊಂಡ ಅಂತ ನಂಬಿದ್ದರು. ಈತನಿಗೆ ಅಲ್ಲಿನ ಸುದ್ದಿಯೇ ಇಲ್ಲ. 1998ರಲ್ಲಿ ಅಲ್ಲಿಗೆ ಹೋಗಿ ತುಂಬಿದ ಸಭಾಂಗಣದ ಮುಂದೆ ನಿಂತರು. 2012ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರ ಬಂದಾಗ ಅಮೆರಿಕದ ಪತ್ರಿಕೆಗಳಿಗೆ ಅವರು 'ಮರೆತುಹೋದ ಗಾಯಕ'. ಅಮೆರಿಕದವರು ಮರೆಯೋಕೆ, ಅವರಿಗೆ ಈತ ಯಾರು ಅಂತಲೇ ಗೊತ್ತಿರಲಿಲ್ಲ. ದಕ್ಷಿಣ ಆಫ್ರಿಕಾದವರು ಮರೆತೇ ಇರಲಿಲ್ಲ. ಹಾಗಾದರೆ ಆ ಪದ ಯಾರಿಗೆ ಅನ್ವಯಿಸುತ್ತೆ ಹೇಳಿ?

ಸರಿ, 'ಕಡೆಗಣಿಸಿದ' ಅನ್ನೋಣ ಅಂದುಕೊಂಡೆ. ಇದರಲ್ಲಿ ಕಣ್ಣಿಗೆ ಬಿದ್ದೂ ಪಕ್ಕಕ್ಕೆ ಸರಿಸಿದ ಭಾವ ಇದೆ. ಬೇಕಂತ ಮಾಡಿದ್ದು. ಅಮೆರಿಕದ ಮೆಂಫಿಸ್‌ನ 'ಬಿಗ್ ಸ್ಟಾರ್' ತಂಡ 1972ರಲ್ಲಿ ತನ್ನ ಮೊದಲ ಆಲ್ಬಮ್ಮಿಗೆ 'ನಂಬರ್ ಒನ್ ರೆಕಾರ್ಡ್' ಅಂತ ಹೆಸರಿಟ್ಟಿತು. ತಂಡದ ಹೆಸರು ಸ್ಟುಡಿಯೋ ಹತ್ತಿರದ ದಿನಸಿ ಅಂಗಡಿಯ ಬೋರ್ಡಿನಿಂದ ತಗೊಂಡಿದ್ದು. ವಿಮರ್ಶಕರು ಹೊಗಳಿದರು. ಹಂಚಿಕೆ ಕೈಕೊಟ್ಟು ಪ್ಲೇಟುಗಳು ಅಂಗಡಿಗಳಿಗೆ ಸರಿಯಾಗಿ ತಲುಪಲೇ ಇಲ್ಲ. ಅಂಗಡಿಗೇ ಬಾರದ್ದನ್ನು ಜನ ಕಡೆಗಣಿಸಿದರು ಅಂದರೆ ಜನರ ಮೇಲೆ ಸುಮ್ನೆ ಗೂಬೆ ಕೂರಿಸಿದ ಹಾಗೆ. 'ಅಲಕ್ಷಿತ' ಕೂಡ ಇದೇ ಜಾತಿ, ಮೇಲೆ ಒಂದು ಶಾಲು ಹೊದ್ದುಕೊಂಡಿದೆ ಅಷ್ಟೇ. 'ಮೂಲೆಗುಂಪಾದ' ಅಂದರೆ ಮೊದಲು ನಡುಮನೆಯಲ್ಲಿತ್ತು ಅಂತಾಯ್ತು. ಅದೂ ಬೇಡ.

ಕೊನೆಗೆ ನನ್ನ ಮನಸ್ಸು ನಿಂತಿದ್ದು 'ಎಲೆಮರೆ ಕಾಯಿ' ಮೇಲೆ. ಹೊಸದೇನಲ್ಲ, ಸನ್ಮಾನದ ವೇದಿಕೆಗಳಲ್ಲಿ ಸವೆದುಹೋದ ಮಾತು. "ಎಲೆಮರೆಯ ಕಾಯಿಯಂತೆ ದುಡಿಯುತ್ತಿರುವ ಶ್ರೀಯುತರು" ಅಂತ ಯಾರೋ ಶುರು ಮಾಡಿದ ಕೂಡಲೇ ನಾವು ಕಾಫಿ ಎಲ್ಲಿ ಕೊಡ್ತಾರೆ ಅಂತ ನೋಡ್ತೀವಿ. ಆದರೆ ಸನ್ಮಾನ ಬಿಟ್ಟು ಕಾಯಿಯನ್ನೇ ನೋಡಿ. ಅಜ್ಜಿ ಮನೆ ಹಿತ್ತಲಲ್ಲಿ ಹೀರೆ ಬಳ್ಳಿ ಇತ್ತು. ದಿನಾ ನೋಡುತ್ತಿದ್ದರೂ ಒಂದು ಕಾಯಿ ಎಲೆಯಡಿ ತಪ್ಪಿಸಿಕೊಂಡೇ ತಪ್ಪಿಸಿಕೊಳ್ಳುತ್ತಿತ್ತು. ಕಣ್ಣಿಗೆ ಬೀಳುವ ಹೊತ್ತಿಗೆ ಬಲಿತು, ತೊಗಲು ಗಟ್ಟಿಯಾಗಿ, ಪಲ್ಯಕ್ಕೂ ಆಗದು, ಚಟ್ನಿಗೂ ಆಗದು. ನಾನು ಕೀಳೋಕೆ ಹೋದರೆ ಅಜ್ಜಿ "ಬಿಡೋ, ಬೀಜಕ್ಕಾಗುತ್ತೆ" ಅನ್ನುತ್ತಿದ್ದರು. ಬಳ್ಳಿಯಲ್ಲೇ ಒಣಗಿದ ಮೇಲೆ ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು. ಮುಂದಿನ ಮಳೆಗಾಲದ ಬಳ್ಳಿ ಅದರಿಂದಲೇ.

ಬಿಗ್ ಸ್ಟಾರ್ ಪಾಲಿಗೆ ಆಗಿದ್ದು ಇದೇ ಅಲ್ವಾ? ಮಾರಾಟವಾಗಲಿಲ್ಲ. ಕೇಳಿದ ಕೆಲವೇ ಹುಡುಗರು ಎಂಬತ್ತರ ದಶಕದಲ್ಲಿ 'ಆರ್‌ಇಎಂ' ಥರದ ತಂಡ ಕಟ್ಟಿ, ನಾವು ಅಲ್ಲಿಂದ ಕಲಿತೆವು ಅಂದರು. 'ವೆಲ್ವೆಟ್ ಅಂಡರ್‌ಗ್ರೌಂಡ್' ಅನ್ನೋ ತಂಡದ 1967ರ ಆಲ್ಬಮ್ ಬಗ್ಗೆ ಸಂಗೀತಗಾರ ಬ್ರಯಾನ್ ಈನೊ ಹೇಳಿದ ಮಾತು ಗೊತ್ತಲ್ಲ, ಕೊಂಡವರು ಕಡಿಮೆ, ಆದರೆ ಕೊಂಡವರೆಲ್ಲ ಒಂದೊಂದು ತಂಡ ಕಟ್ಟಿದರು ಅಂತ. ಊಟಕ್ಕೆ ಬಾರದ ಕಾಯಿ ಬೀಜಕ್ಕೆ ಬಂತು. ಈ ಅರ್ಥ ಇಂಗ್ಲಿಷಿನ ಯಾವ ಪದದಲ್ಲೂ ನನಗೆ ಕಾಣಲಿಲ್ಲ, ನಮ್ಮ ಹಿತ್ತಲಲ್ಲಿ ಇತ್ತು. ಒಂದೇ ಅನುಮಾನ: 'ಎಲೆಮರೆ' ಅಂದರೆ ವಿನಯ, ಸಂಕೋಚ ಅನ್ನೋ ವಾಸನೆ ಅಂಟಿಕೊಂಡಿದೆ. ಗಿಟಾರು ಕಿರುಚಿಸುವವರಿಗೆ ವಿನಯ ಎಲ್ಲಿಂದ ಬರಬೇಕು?

ಇದರ ಬಾಲದಲ್ಲೇ ಇನ್ನೊಂದು ತೊಡಕು. 'ಮರುಶೋಧ', 'ಪುನರಾವಿಷ್ಕಾರ' ಅನ್ನೋವು ನಮ್ಮನ್ನು ಕೊಲಂಬಸ್ ಮಾಡಿಬಿಡುತ್ತವೆ. ನಾನೇನೂ ಹುಡುಕಿಕೊಂಡು ಹೋಗಿರಲಿಲ್ಲ. ಕನ್ನಡದಲ್ಲಿ "ಅದು ನನಗೆ ಸಿಕ್ಕಿತು" ಅಂದರೆ ಕೆಲಸ ಮಾಡಿದ್ದು ಅದು, ನಾನಲ್ಲ. ಸಿಕ್ಕಿತು ಅಂದರೆ ದೊರೆಯಿತು. ಸಿಕ್ಕಿಬಿದ್ದ ಅಂದರೆ ಹಿಡಿತದಲ್ಲಾದ. ಸಿಕ್ಕು ಅಂದರೆ ಗಂಟು. ಕ್ಯಾಸೆಟ್ಟಿನ ಟೇಪು ಸಿಕ್ಕಾಗಿ ಪೆನ್ಸಿಲ್ ಹಾಕಿ ತಿರುಗಿಸಿದವರಿಗೆ ಮೂರೂ ಅರ್ಥ ಒಟ್ಟಿಗೇ ಗೊತ್ತು. ಆ ರಾತ್ರಿ ಆಲ್ಬಮ್ ನನಗೆ ಸಿಕ್ಕಿತೋ, ನಾನು ಅದಕ್ಕೆ ಸಿಕ್ಕಿಬಿದ್ದೆನೋ ಹೇಳಲಾರೆ. 'ಕಿವಿಗೆ ಬಿದ್ದ' ಕೂಡ ಚೆನ್ನಾಗಿದೆ. 'ತಡವಾಗಿ ಕಿವಿಗೆ ಬಿದ್ದ ಆಲ್ಬಮ್‌ಗಳು' ಅಂದರೆ ಸುಳ್ಳಿಲ್ಲ. ಸ್ವಲ್ಪ ಸಪ್ಪೆ, ಅಷ್ಟೇ.

ಇನ್ನು ಹಳೆಯ ಸಂಗೀತದ ಮೇಲಿನ ಈ ಮೋಹಕ್ಕೆ ಏನನ್ನಬೇಕು? ಪತ್ರಿಕೆಯ ಗೆಳೆಯರು 'ಹಳಹಳಿಕೆ' ಅಂತ ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ಹಳಹಳಿಕೆಯಲ್ಲಿ ಕಳಕೊಂಡದ್ದರ ಕೊರಗು ಇದೆ. ಈ ಹಾಡುಗಳು ಬಂದಾಗ ನಾನು ಹುಟ್ಟಿರಲೇ ಇಲ್ಲ. ನನ್ನದಲ್ಲದ ಕಾಲಕ್ಕೆ ನಾನು ಹೇಗೆ ಕೊರಗಲಿ? ನನಗೆ ಇವು ಹೊಚ್ಚ ಹೊಸವು. ಹಳತಿಗೂ ಹಳಸಿದ್ದಕ್ಕೂ ನಮ್ಮ ಭಾಷೆ ಚೆನ್ನಾಗಿ ಗೆರೆ ಎಳೆದಿದೆ. ಹಳಸಿದ ಅನ್ನ ಚೆಲ್ಲುತ್ತೇವೆ, ಹಳೇ ಅಕ್ಕಿಗೆ ಜಾಸ್ತಿ ದುಡ್ಡು ಕೊಡುತ್ತೇವೆ. ಹೊಸ ಅಕ್ಕಿ ಮುದ್ದೆಯಾಗುತ್ತೆ, ಹಳೇ ಅಕ್ಕಿ ಉದುರುದುರಾಗಿ ಅರಳುತ್ತೆ. 1968ರ ಆ ಆಲ್ಬಮ್ಮನ್ನು ಹೆಡ್‌ಫೋನ್ ಹಾಕಿ ಕೇಳಿದರೆ ಹಾಗೇ ಅನ್ನಿಸುತ್ತೆ. ಹಿಂದೆ ಹಾಡುವವರ ದನಿ, ಪಿಯಾನೋ, ಬೇಸ್, ಒಂದೊಂದು ಅಗುಳೂ ಬೇರೆ ಬೇರೆ.

ನನ್ನ ಪ್ರಶ್ನೆಗಳು ಇಷ್ಟು. 'ಎಲೆಮರೆಯ ಆಲ್ಬಮ್‌ಗಳು' ಅಂತ ತಲೆಬರಹ ಕಂಡರೆ ನಿಮಗೆ ಏನು ಹೊಳೆಯುತ್ತೆ? ಜನರನ್ನು ಬಿಟ್ಟು ವಸ್ತುವಿಗೆ ಆ ಮಾತು ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದವರು ಹೇಳಿ: ಬೀಜಕ್ಕೆ ಅಂತ ಬಳ್ಳಿಯಲ್ಲೇ ಬಿಡುವ ಕಾಯಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಒಂದೇ ಪದದ ಹೆಸರಿದ್ದರೆ ತಲೆಬರಹಕ್ಕೆ ಅದನ್ನೇ ಇಟ್ಟುಬಿಡುತ್ತೇನೆ. ಬರಹ ಗುರುವಾರ ಸಂಜೆಯೊಳಗೆ ಕಳಿಸಬೇಕು. ಅಮ್ಮನನ್ನೂ ಕೇಳಿದೆ. ಅವರಿನ್ನೂ ಆ ಮದುವೆ ಆಲ್ಬಮ್ ಯಾರದ್ದು ಅಂತ ವಿಚಾರಿಸುತ್ತಿದ್ದಾರೆ.