ಎಂಟು ಮಂದಿಯ ಮನೆಗೆ ಕ್ರೂಸರ್ ಒಳ್ಳೆಯದಾ, ಕಾರು ಒಳ್ಳೆಯದಾ?

ಸಿಂಧನೂರಿನವರ ಪ್ರಶ್ನೆ: ಅಪ್ಪ, ಅವ್ವ, ತಮ್ಮನ ಸಂಸಾರ ಸೇರಿ ನಾವು ಎಂಟು ಮಂದಿ. ಹುಲಿಗಿ, ಮಂತ್ರಾಲಯ, ಬೀಗರ ಊರು ಅಂತ ತಿರುಗಾಟ ಜಾಸ್ತಿ. ಸೆಕೆಂಡ್ ಹ್ಯಾಂಡ್ ಫೋರ್ಸ್ ಕ್ರೂಸರ್ ಜೀಪು ಒಂದು ನೋಡಿದ್ದೇನೆ, 12+1, ಅಂದರೆ ಡ್ರೈವರ್ ಬಿಟ್ಟು ಹನ್ನೆರಡು ಸೀಟು. ಮಾರುವವರು "ಕಾರಿಗೂ ಬಿಳಿ ಬೋರ್ಡು, ಇದಕ್ಕೂ ಬಿಳಿ ಬೋರ್ಡು, ಸೇಫ್ಟಿ ರೂಲ್ಸ್ ಎಲ್ಲ ಒಂದೇ" ಅನ್ನುತ್ತಾರೆ. ಹೌದಾ?

ಗಂಗಾವತಿ: ಒಂದೇ ಅಲ್ಲ ರೀ. ಬೋರ್ಡಿನ ಬಣ್ಣದಿಂದ ಬಾಡಿಗೆ ಗಾಡಿಯೋ ಮನೆ ಗಾಡಿಯೋ ಅಂತ ತಿಳಿಯುತ್ತದೆ, ಅಷ್ಟೇ. ಸುರಕ್ಷತೆ ನಿಯಮಕ್ಕೆ ಸೀಟು ಎಣಿಸುತ್ತಾರೆ. ಡ್ರೈವರ್ ಬಿಟ್ಟು ಎಂಟು ಸೀಟಿನವರೆಗೆ ಎಂ1 ಅನ್ನುವ ವರ್ಗ. ಒಂಬತ್ತಾಯಿತೋ, ಎಂ2. ನಿಮ್ಮ 12+1 ಎಂ2. ಎಂ1 ಗಾಡಿಗೆ 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ, 80 ದಾಟಿದರೆ ಎಚ್ಚರಿಸುವ ಸದ್ದು ಕಡ್ಡಾಯವಾದವು. ಪಕ್ಕದ ಸೀಟಿನ ಏರ್‌ಬ್ಯಾಗ್ 2021ರಲ್ಲಿ ಹೊಸ ಮಾಡೆಲ್‌ಗಳಿಗೆ ಬಂತು, ಆ ವರ್ಷದ ಕೊನೆಯಿಂದ ಹಳೆ ಮಾಡೆಲ್‌ಗೂ. ಈ ಏರ್‌ಬ್ಯಾಗ್ ಕಡ್ಡಾಯ ಎಂ2ಗೆ ಇಲ್ಲ. ಅಂದರೆ ಜಾಸ್ತಿ ಜನ ಕೂರುವ ಗಾಡಿಗೇ ಕಡಿಮೆ ಕೇಳುತ್ತಾರೆ. ನನಗಂತೂ ಇದು ಉಲ್ಟಾ ಅನ್ನಿಸುತ್ತದೆ.

ರಾಯಚೂರು: ಮೇಲಿನವರು ಹೇಳಿದ್ದು ಸರಿ. ಆದರೆ ಆರ್‌ಸಿ ನೋಡಿ ಗಾಬರಿ ಆಗಬೇಡಿ ಅಣ್ಣಾ. ನಮ್ಮ ಎಂಟು ಸೀಟಿನ ಕಾರಿನ ಆರ್‌ಸಿಯಲ್ಲಿ "ಓಮ್ನಿ ಬಸ್" ಅಂತ ಇದೆ! ಮೋಟಾರು ವಾಹನ ಕಾಯ್ದೆಯಲ್ಲಿ ಡ್ರೈವರ್ ಬಿಟ್ಟು ಆರಕ್ಕಿಂತ ಜಾಸ್ತಿ ಸೀಟಿದ್ದರೆ ಓಮ್ನಿ ಬಸ್. ಅದು ಬೇರೆ ಲೆಕ್ಕ. ಸುರಕ್ಷತೆಗೆ ಅದೇ ಕಾರು ಎಂ1. ಹಳೆಯದು ಕೊಳ್ಳುವುದಾದರೆ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ.

ಸಿರುಗುಪ್ಪ: ಎಂ1 ಅಂದ ಕೂಡಲೇ ಗಟ್ಟಿ ಅಂತಲ್ಲ. ಕಾರು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2016ರಲ್ಲಿ ಆಗಿನ ಮಾರುತಿ ಈಕೋವನ್ನು ಪರೀಕ್ಷಿಸಿದಾಗ ಸೊನ್ನೆ ಸ್ಟಾರ್ ಬಂತು. ಅದರಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಹೊಸ ನಿಯಮ ಬರುವ ಹೊತ್ತಿಗೆ, 2019ರಲ್ಲಿ, ಮಾರುತಿಯ ಓಮ್ನಿ ವ್ಯಾನ್ ನಿಂತೇ ಹೋಯಿತು. ಸ್ಟಾರ್ ಬೇಕಾದರೆ ನಮ್ಮ ದೇಶದ್ದೇ ಇಂಥ ಪರೀಕ್ಷೆ ಭಾರತ್ ಎನ್‌ಕ್ಯಾಪ್ ನೋಡಿ, 2023ರ ಅಕ್ಟೋಬರ್‌ನಿಂದ ಇದೆ. ಅದೂ 3.5 ಟನ್‌ವರೆಗಿನ ಎಂ1ಗೆ ಮಾತ್ರ, ಕಂಪನಿಗೆ ಕಡ್ಡಾಯವೂ ಅಲ್ಲ. ಕ್ರೂಸರ್ ಅಲ್ಲಿ ಸಿಗಲ್ಲ, ಹುಡುಕಬೇಡಿ.

ಕೊಪ್ಪಳ: ಹಿಂದಿನ ಅಡ್ಡ ಸೀಟು ನೋಡಿದ್ರಾ? ನಮ್ಮ ಕಡೆ ಹುಡುಗರನ್ನೆಲ್ಲ ಅಲ್ಲೇ ತುಂಬುತ್ತಾರೆ, ಮೊಣಕಾಲಿಗೆ ಮೊಣಕಾಲು ತಾಗಿಸಿ. ಬ್ರೇಕ್ ಹಾಕಿದರೆ ಒಬ್ಬರ ಮೇಲೊಬ್ಬರು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ, ಕಲಂ 194ಬಿ. ದಂಡ ಹೋಗಲಿ, ಮಗು ನಮ್ಮದು ಅಲ್ವಾ? ನಾವು ಎಂಟು ಸೀಟಿನ ಕಾರು ತಗೊಂಡೆವು. ಮದುವೆ ದಿಬ್ಬಣಕ್ಕೆ ಕ್ರೂಸರ್ ಬಾಡಿಗೆಗೆ ತರುತ್ತೇವೆ. ಇನ್ನೊಂದು, ಸೀಟ್ ಕವರ್ ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಬೆಲ್ಟಿನ ಬಕಲ್ ಕವರಿನ ಕೆಳಗೆ ಹುಗಿದುಬಿಡುತ್ತಾರೆ. ಮುಂದೆ ಕಬ್ಬಿಣದ ಗಾರ್ಡ್ ಬೇಡವೇ ಬೇಡ. ಅದನ್ನು 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕಾನೂನುಬಾಹಿರ ಅಂದಿದೆ.

ಮಾನ್ವಿ: ಕ್ರೂಸರನ್ನು ಅಷ್ಟೊಂದು ಬಯ್ಯಬೇಡಿ. ಹೊಲದ ದಾರಿಯಲ್ಲಿ, ಎರೆ ಮಣ್ಣಿನ ಕೆಸರಿನಲ್ಲಿ ಅದೇ ಬೇಕು. ತಗೊಂಡರೆ ಅವ್ವನನ್ನು, ಮಕ್ಕಳನ್ನು ನಡುವಿನ ಸೀಟಿಗೆ ಕೂರಿಸಿ, ಬೆಲ್ಟ್ ಹಾಕಿಸಿ. ಹಿಂದೆ ಚೀಲ, ಬುತ್ತಿಗಂಟು ಇಡಿ.

ಸಿಂಧನೂರು: ಎಲ್ಲರಿಗೂ ಧನ್ಯವಾದ. ಭಾನುವಾರ ರಾಯಚೂರಿಗೆ ಹೋಗಿ ಎಂಟು ಸೀಟಿನದು ನೋಡಿ ಬರುತ್ತೇವೆ. 2022ರ ನಂತರದ್ದು ಸಿಗುತ್ತದಾ ಕೇಳುತ್ತೇನೆ.